ಅಪ್ಸರಾ ಎದ್ದಳು, ಮೀರಾ ಇನ್ನೂ ಮಲಗಿದ್ದಾಳೆ

ಗುಲಾಬಿ ಬೆಳೆಸುವವರನ್ನು ಮುಂಗೈ ಮೇಲಿನ ಗೀರುಗಳಿಂದಲೇ ಗುರುತು ಹಿಡಿಯಬಹುದು. ಗ್ಲಾಡಿಯೋಲಸ್ ಬೆಳೆಸುವವರನ್ನು ಹಿಡಿಯಬೇಕಾದರೆ ಸ್ವಲ್ಪ ಬಗ್ಗಿ ಅವರ ಮಂಚದ ಕೆಳಗೆ ನೋಡಬೇಕು. ಈರುಳ್ಳಿ ತುಂಬಿ ಬರುತ್ತದಲ್ಲ, ಅಂಥ ಕೆಂಪು ಬಲೆ ಚೀಲಗಳು ಸಾಲಾಗಿ ಕೂತಿರುತ್ತವೆ. ಪ್ರತಿಯೊಂದರ ಕೊರಳಿಗೂ ಹಳೆ ಲಗ್ನಪತ್ರಿಕೆ ಕತ್ತರಿಸಿ ಮಾಡಿದ ಒಂದು ಚೀಟಿ. ಒಳಗೆ ಕಂದು ಸಿಪ್ಪೆ ಹೊದ್ದ ಚಪ್ಪಟೆ ಗೆಡ್ಡೆಗಳು. ಹೂವೆಲ್ಲಿ ಅಂತ ಕೇಳಿದಿರೋ ಕೆಟ್ಟಿರಿ. "ಹೂ ಏನು ಮಹಾ, ಬರತ್ತೆ, ಹೋಗತ್ತೆ. ಗೆಡ್ಡೆ ನೋಡಿ, ಗೆಡ್ಡೆ!" ಅಂತ ಒಂದನ್ನು ಕೈಗಿಟ್ಟು, ನೀವು ಅದನ್ನು ತೂಗಿ ನೋಡಿ ಹೊಗಳುವವರೆಗೂ ಎದುರಿಗೇ ನಿಂತಿರುತ್ತಾರೆ.

ಹಾಗಾಗಿ ನನ್ನ ವಾದ ಇಷ್ಟು: ಗ್ಲಾಡಿಯೋಲಸ್ ಬೆಳೆಸುವವರು ಹೂವಿನ ಪ್ರೇಮಿಗಳಲ್ಲ. ಅವರು ಗೆಡ್ಡೆ ಕೂಡಿಡುವ ಜನ. ಹೂ ಅವರಿಗೊಂದು ನೆಪ. ಸಾಕ್ಷಿ ಬೇಕೆಂದರೆ ನಮ್ಮ ಭಾವ ಇದ್ದಾರೆ. ಬ್ಯಾಂಕಿನಲ್ಲಿ ಜೀವಮಾನವಿಡೀ ಬೇರೆಯವರ ದುಡ್ಡಿಗೆ ಲೆಕ್ಕ ಬರೆದು ನಿವೃತ್ತರಾದವರು. ಆಮೇಲೆ ಲೆಕ್ಕ ಬರೆಯಲು ಏನೂ ಸಿಗದೆ ಒದ್ದಾಡುತ್ತಿದ್ದಾಗ ಯಾರೋ ಪುಣ್ಯಾತ್ಮರು ನಾಲ್ಕು ಗೆಡ್ಡೆ ಕೊಟ್ಟರು. ಈಗ ಹನುಮಂತನಗರದ ಆ ಮನೆಯಲ್ಲಿ ಮುಂದಿನ ಪಾತಿ, ಹಿಂದಿನ ಪಾತಿ, ತಾರಸಿಯ ಕುಂಡಗಳು ಎಲ್ಲಕ್ಕೂ ಒಂದು ಲೆಡ್ಜರು. ಎಡಗಡೆ ನೆಟ್ಟದ್ದು, ಬಲಗಡೆ ಕಿತ್ತದ್ದು. "ಬೇರೆಯವರ ಮನೇಲಿ ಮಂಚದ ಕೆಳಗೆ ಟ್ರಂಕು ಇರತ್ತೆ, ಟ್ರಂಕಲ್ಲಿ ಸೀರೆ ಇರತ್ತೆ" ಅನ್ನುವುದು ಅಕ್ಕನ ನಿತ್ಯದ ಗೊಣಗು.

ಇದಕ್ಕಿಂತ ತಮಾಷೆ ಅವರು ಫೋನಿನಲ್ಲಿ ಮಾತಾಡುವುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗ್ಲಾಡಿಯೋಲಸ್ ತಳಿಗಳನ್ನೇನೋ ಬಹಳ ಚೆನ್ನಾಗಿ ರೂಪಿಸಿದರು. ಹೆಸರಿಡುವಾಗ ಮಾತ್ರ ನಮ್ಮಂಥ ಸಂಸಾರಸ್ಥರ ಗತಿ ಏನಾಗುತ್ತದೆಂದು ಯೋಚಿಸಲಿಲ್ಲ. ಅಪ್ಸರಾ, ಮೀರಾ, ಶೋಭಾ, ಪೂನಂ, ಸಪ್ನಾ, ಆರತಿ, ನಜರಾನಾ. ಭಾವ ವರಾಂಡದಲ್ಲಿ ನಿಂತು, ಕಿವಿ ಸ್ವಲ್ಪ ಮಂದವಾದ ತಮ್ಮ ಗೆಳೆಯರ ಜೊತೆ ಗಟ್ಟಿಯಾಗಿ ಮಾತಾಡುತ್ತಾರೆ: "ಅಪ್ಸರಾ ಎದ್ದಳು ಸಾರ್, ಮೀರಾ ಇನ್ನೂ ಮಲಗಿದ್ದಾಳೆ. ಸಪ್ನಾನ ನಿನ್ನೆ ತಾನೇ ಫ್ರಿಜ್ಜಿಂದ ತೆಗೆದೆ. ಶೋಭಾ ಕಥೆ ಕೇಳಬೇಡಿ, ಬುಡದಲ್ಲೇ ಕೊಳೆತುಹೋಗಿದ್ದಾಳೆ." ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಒಂದು ವಾರ ಇವರ ಮುಖ ನೋಡಲಿಲ್ಲ. ಆ ಪಟ್ಟಿಯಲ್ಲಿ ಗಂಡು ಹೆಸರೂ ಇದೆ, ಧೀರಜ್ ಅಂತ. ಸೊರಗು ರೋಗವನ್ನು ತಡೆದುಕೊಳ್ಳುವ ಗಟ್ಟಿ ತಳಿ. ಹೆಣ್ಣುಮಕ್ಕಳ ಹೆಸರಿಟ್ಟುಕೊಂಡವರೆಲ್ಲ ಸೊರಗಬೇಕು, ಧೀರಜನೊಬ್ಬ ಎದೆ ಸೆಟೆಸಿ ನಿಲ್ಲಬೇಕು ಅನ್ನುವುದು ಯಾವ ನ್ಯಾಯ ಅಂತ ನಾನು ಕೇಳಿದ್ದಕ್ಕೆ ಭಾವ, "ಶೋಭಾನ ಹಗುರ ಮಾಡಬೇಡ, ಅವಳು ಗಾಮಾ ಕಿರಣ ಹಾಯಿಸಿಕೊಂಡು ಬಂದವಳು" ಅಂದರು. ಅದೂ ನಿಜವೇ. ವೈಲ್ಡ್ ರೋಸ್ ಅನ್ನುವ ತಳಿಯ ಗೆಡ್ಡೆಗೆ ಗಾಮಾ ಕಿರಣ ಕೊಟ್ಟು, ಬಣ್ಣ ಬದಲಾದ ಗಿಡವನ್ನು ಆರಿಸಿ ಮಾಡಿದ್ದು ಈ ಶೋಭಾ.

ಅಕ್ಕನ ಅತ್ತೆಗೆ, ಅಂದರೆ ನಾವೆಲ್ಲ ಅಜ್ಜಿ ಅನ್ನುವವರಿಗೆ, ಈ ಹೂವಿನ ಮೇಲೆ ಮೊದಲಿನಿಂದಲೂ ಮುನಿಸು. ಅವರ ತಕರಾರಿನಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ನಮ್ಮಲ್ಲಿ ಹೂವೆಂದರೆ ಒಂದು ದೇವರಿಗೆ, ಇಲ್ಲ ಮುಡಿಗೆ. ಇದು ಎರಡಕ್ಕೂ ಸಲ್ಲುವುದಿಲ್ಲ. ಮೊಳಕ್ಕೆ ಕಟ್ಟಲು ಬರುವುದಿಲ್ಲ, ಬಿಡಿಸಿ ಮುಡಿದರೆ ತಾಸಿನಲ್ಲಿ ಬಾಡಿ ಅಂಟಿಕೊಳ್ಳುತ್ತದೆ. ವಾಸನೆಯಂತೂ ಸೊನ್ನೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಮಲ್ಲಿಗೆ, ಕನಕಾಂಬರ, ಸುಗಂಧರಾಜಗಳ ನಡುವೆ ಕಾಗದ ಸುತ್ತಿಸಿಕೊಂಡು ಕಟ್ಟುಕಟ್ಟಾಗಿ ನಿಂತಿರುವ ಇದನ್ನು ಕೊಳ್ಳುವವರು ಡೆಕೊರೇಷನ್ನಿನವರು ಮತ್ತು ಬೊಕೆ ಅಂಗಡಿಯವರು. ಮಂತ್ರಿಗಳ ಸ್ವಾಗತಕ್ಕೆ, ಆರತಕ್ಷತೆಯ ವೇದಿಕೆಗೆ, ಹೋಟೆಲಿನ ಹಜಾರಕ್ಕೆ. "ಮುಡಿಯೋಕಿಲ್ಲ, ದೇವರಿಗಿಲ್ಲ, ಒಂದು ಹುಳಿಗೂ ಇಲ್ಲ. ಯಾಕೋ ಇದು?" ಎಂದು ಅಜ್ಜಿ ಕೇಳುತ್ತಾರೆ.

ಭಾವ ಬಿಟ್ಟುಕೊಡುವವರಲ್ಲ. "ಅಮ್ಮಾ, ದಕ್ಷಿಣ ಆಫ್ರಿಕಾದ ಕೇಪ್ ಕಡೆ ಕಾಡಿನಲ್ಲಿ ಬೆಳೆಯೋ ಒಂದು ಜಾತಿ ಇದೆ, ಟ್ರಿಸ್ಟಿಸ್ ಅಂತ. ರಾತ್ರಿ ಹೊತ್ತು ಘಮ್ಮನ್ನತ್ತೆ."

"ಹಾಗಾದ್ರೆ ಅದನ್ನೇ ತರಬೇಕಿತ್ತು."

ಇದಕ್ಕೆ ಉತ್ತರ ಕೊಡಬೇಕಾದವರು ಭಾವ ಅಲ್ಲ, ಯುರೋಪಿನ ನರ್ಸರಿಯವರು. ಗ್ಲಾಡಿಯೋಲಸ್ ಕುಲದಲ್ಲಿ 250ಕ್ಕೂ ಹೆಚ್ಚು ಕಾಡು ಜಾತಿಗಳಿವೆ, ಬಹುಪಾಲು ಆಫ್ರಿಕಾದವು. ಹದಿನೆಂಟು ಹತ್ತೊಂಬತ್ತನೆಯ ಶತಮಾನದಲ್ಲಿ ಅವು ಹಡಗು ಹತ್ತಿ ಯುರೋಪಿಗೆ ಹೋದವು. ಅಲ್ಲಿ ಒಂದಕ್ಕೊಂದು ಗಂಟು ಹಾಕಿ ನೋಡುವ ಚಟ ಶುರುವಾಯಿತು. ಬೆಲ್ಜಿಯಂನ ಗೆಂಟ್ ಊರಿನ ವ್ಯಾನ್ ಹೌಟ್ 1841ರಲ್ಲಿ ಮಾರಾಟಕ್ಕಿಟ್ಟ ಗ್ಯಾಂಡವೆನ್ಸಿಸ್ ಎಂಬ ಮಿಶ್ರತಳಿಯೇ ಇವತ್ತಿನ ದೊಡ್ಡ ಹೂವಿನ ಗ್ಲಾಡಿಯೋಲಸ್‌ಗಳ ಮುತ್ತಜ್ಜಿ. ಗಾತ್ರ ಬೇಕು, ಬಣ್ಣ ಬೇಕು, ಒಂದು ದಂಟಿಗೆ ಹದಿನೈದಿಪ್ಪತ್ತು ಹೂ ಬೇಕು ಎನ್ನುತ್ತ ಆರಿಸುತ್ತ ಹೋದವರು ವಾಸನೆಯನ್ನು ಕೇಪಿನಲ್ಲೇ ಬಿಟ್ಟು ಬಂದರು.

ಆಮೇಲೆ ವಿಕ್ಟೋರಿಯಾ ಜಲಪಾತದ ಕಥೆ. 1905ರಲ್ಲಿ ಅಲ್ಲಿನ ರೈಲು ಸೇತುವೆ ಮುಗಿಯಿತು. ಅದಕ್ಕೆ ಸ್ವಲ್ಪ ಮುಂಚೆ, ಸೇತುವೆಯ ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಜಲಪಾತದ ತುಂತುರಿನಲ್ಲಿ ಬೆಳೆಯುತ್ತಿದ್ದ ಹಳದಿ ಹೂವಿನ ಗೆಡ್ಡೆಗಳನ್ನು ಇಂಗ್ಲೆಂಡಿಗೆ ಕಳಿಸಿದರು. ಅದರ ಮೇಲಿನ ದಳ ಮುಂದಕ್ಕೆ ಬಾಗಿ, ಒಳಗಿನ ಕೇಸರಕ್ಕೆ ನೀರು ತಾಗದಂತೆ ಮುಚ್ಚಿಕೊಂಡಿರುತ್ತದೆ. ಪ್ರಿಮ್ಯುಲಿನಸ್ ಅಂತ ಹೆಸರಾಗಿ, ಇವತ್ತಿನ ಹಳದಿ, ಕಿತ್ತಳೆ ಬಣ್ಣಗಳಿಗೆಲ್ಲ ಅದರ ರಕ್ತ ಸೇರಿತು. ಭಾವ ಈ ಕಥೆಯನ್ನು ಎಲ್ಲಿಗೆ ತಂದು ನಿಲ್ಲಿಸಿದರು ಗೊತ್ತೆ? "ಜಲಪಾತದಲ್ಲಿ ಬೆಳೆಯೋ ಗಿಡಕ್ಕೆ ನಮ್ಮ ಬೆಂಗಳೂರು ಮಳೆ ಯಾವ ಲೆಕ್ಕ?" ಅಂದರು. ಲೆಕ್ಕ ಸರಿಯಾಗಿಯೇ ಬಂತು. ಆ ವರ್ಷ ಮಳೆ ಹಿಡಿದುಕೊಂಡು ಹಿಂದಿನ ಪಾತಿಯಲ್ಲಿ ನೀರು ನಿಂತಿತು, ಗೆಡ್ಡೆಗಳು ಸಾಲಾಗಿ ಕೊಳೆತವು. ಗೆಡ್ಡೆ ಕೇಳುವುದು ಮರಳು ಬೆರೆತ, ನೀರು ಬಸಿದು ಹೋಗುವ ಕೆಮ್ಮಣ್ಣು. ತುಂತುರು ಎಲೆಯ ಮೇಲೆ ಎಷ್ಟಾದರೂ ಬೀಳಲಿ, ಬುಡದಲ್ಲಿ ಮಡು ಕಟ್ಟಬಾರದು. ಜಲಪಾತದ ಅಂಚಿನ ಇಳಿಜಾರಿನಲ್ಲಿ ನೀರು ನಿಲ್ಲುತ್ತದೆಯೇ, ಭಾವ?

ಈಗ ಗೆಡ್ಡೆಯ ವಿಚಾರಕ್ಕೆ ಬರೋಣ. ಅದನ್ನು ಬಿಟ್ಟು ಇವರಿಗೆ ಬೇರೆ ವಿಚಾರವೂ ಇಲ್ಲ. ಈರುಳ್ಳಿ ಕೊಯ್ದರೆ ಪದರ ಪದರ ಬಿಚ್ಚುತ್ತದೆ. ಗ್ಲಾಡಿಯೋಲಸ್ ಗೆಡ್ಡೆ ಹಾಗಲ್ಲ. ಕೊಯ್ದರೆ ಒಳಗೆಲ್ಲ ಒಂದೇ ಗಟ್ಟಿ ತಿರುಳು. ಊದಿಕೊಂಡ ಕಾಂಡ ಅದು. ಮೈಮೇಲೆ ಬಳೆಯ ಗುರುತಿನಂಥ ಗೆರೆಗಳು, ಅವುಗಳ ಮೇಲೆ ಸಣ್ಣ ಸಣ್ಣ ಕಣ್ಣು. ನೆಲದಲ್ಲಿಟ್ಟಾಗ ಮೊಳಕೆ ಹೊರಡುತ್ತದೆ, ಎಲೆಗಳು ಕತ್ತಿ ಹಿರಿದಂತೆ ಮೇಲೇಳುತ್ತವೆ. ಅಷ್ಟರಲ್ಲಿ ಮೊಳಕೆಯ ಬುಡ ತಾನೇ ಊದಿಕೊಂಡು, ಹಳೆಯ ಗೆಡ್ಡೆಯ ತಲೆ ಮೇಲೆಯೇ ಹೊಸ ಗೆಡ್ಡೆ ಕೂರುತ್ತದೆ. ಹಳೆಯದು ತನ್ನಲ್ಲಿದ್ದುದನ್ನೆಲ್ಲ ಕೊಟ್ಟು, ಒಣಗಿದ ಬಿಲ್ಲೆಯಾಗಿ ಕೆಳಗೆ ಅಂಟಿಕೊಂಡಿರುತ್ತದೆ. ಅಂದರೆ ನೀವು ನೆಟ್ಟ ಗೆಡ್ಡೆ ನಿಮಗೆ ವಾಪಸು ಸಿಗುವುದೇ ಇಲ್ಲ. ಸಿಗುವುದು ಅದರ ಮಗಳು. ಮುಂದಿನ ವರ್ಷ ಮೊಮ್ಮಗಳು. ಹೊಸ ಗೆಡ್ಡೆ ಹಳೆಯದರ ಮೇಲೆ ಕೂತರೆ ವರ್ಷ ವರ್ಷ ಮೇಲೇರುತ್ತ ಒಂದು ದಿನ ನೆಲದ ಹೊರಗೇ ಬಂದುಬಿಡಬೇಕಲ್ಲ? ಅದಕ್ಕೂ ಉಪಾಯ ಇದೆ. ಹೊಸ ಗೆಡ್ಡೆಯ ಬುಡದಿಂದ ದಪ್ಪನೆಯ ಬಿಳಿ ಬೇರುಗಳು ಇಳಿಯುತ್ತವೆ. ಅವು ಸುಕ್ಕುಗಟ್ಟಿ ಕುಗ್ಗುತ್ತ ಗೆಡ್ಡೆಯನ್ನು ಕೆಳಕ್ಕೆ ಎಳೆದುಕೊಳ್ಳುತ್ತವೆ.

ಭಾವ ಇದನ್ನೊಮ್ಮೆ ದೊಡ್ಡ ಆವಿಷ್ಕಾರದಂತೆ ಊಟದ ಹೊತ್ತಿನಲ್ಲಿ ವಿವರಿಸಿದರು. ಅಜ್ಜಿ ಮಜ್ಜಿಗೆ ಕಲಸಿಕೊಳ್ಳುತ್ತ, "ಸುವರ್ಣಗೆಡ್ಡೆ ಮಾಡೋದೂ ಅದನ್ನೇ ಅಲ್ಲವೇನೋ? ಹಳೇದು ಕರಗತ್ತೆ, ಮೇಲೆ ಹೊಸದು ಬರತ್ತೆ. ಒಂದೇ ವ್ಯತ್ಯಾಸ, ಅದನ್ನ ಪಲ್ಯ ಮಾಡಬಹುದು" ಅಂದರು. ಊಟ ಅಲ್ಲಿಗೆ ಮುಗಿಯಿತು.

ಅಜ್ಜಿಯ ಮಾತು ಸಸ್ಯಶಾಸ್ತ್ರದ ಪ್ರಕಾರವೂ ಸರಿ. ಸುವರ್ಣಗೆಡ್ಡೆಯನ್ನು ಹೋಳು ಮಾಡಿ, ಪ್ರತಿ ಹೋಳಿಗೂ ಒಂದಿಷ್ಟು ಕಣ್ಣಿನ ಭಾಗ ಬರುವಂತೆ ಕೊಯ್ದು, ಸಗಣಿ ನೀರಿನಲ್ಲಿ ಅದ್ದಿ ನೆಡುವುದನ್ನು ಮಲೆನಾಡಿನವರು ಯಾರನ್ನೂ ಕೇಳದೆ ಮಾಡುತ್ತಾರೆ. ಗ್ಲಾಡಿಯೋಲಸ್‌ನಲ್ಲೂ ಆಗುತ್ತದೆ. ದೊಡ್ಡ ಗೆಡ್ಡೆಯನ್ನು ಉದ್ದಕ್ಕೆ ಸೀಳಿ, ಪ್ರತಿ ಹೋಳಿನಲ್ಲೂ ಒಂದು ಕಣ್ಣು, ಕೆಳಗೆ ಬೇರು ಹೊರಡುವ ತಟ್ಟೆಯ ಒಂದು ತುಂಡು ಇರುವಂತೆ ನೋಡಿಕೊಂಡು, ಕೊಯ್ದ ಮುಖಕ್ಕೆ ಶಿಲೀಂಧ್ರನಾಶಕದ ಪುಡಿ ಸವರಿ ಆರಿಸಿ ನೆಡಬೇಕು. ನನ್ನನ್ನು ಕೇಳಿದರೆ ಮನೆ ಅಂಗಳದವರು ಇದಕ್ಕೆ ಕೈಹಾಕದಿರುವುದೇ ವಾಸಿ. ಮಣ್ಣಿನಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರ ಬಾಯಿ ತೆರೆದು ಕಾದಿರುವಾಗ ಗೆಡ್ಡೆಗೆ ನಾವಾಗಿಯೇ ಗಾಯ ಮಾಡುವುದು ಯಾಕೆ? ಅದರಲ್ಲೂ ಅದು ತಾನಾಗಿಯೇ ಬೇಕಾದಷ್ಟು ಮರಿ ಹಾಕುತ್ತಿರುವಾಗ.

ಆ ಮರಿಗಳೇ ಈ ಮನೆಯ ಸಕಲ ಸಂಕಟಗಳ ಮೂಲ. ಹಳೆ ಗೆಡ್ಡೆ, ಹೊಸ ಗೆಡ್ಡೆ ಎರಡರ ನಡುವಿನ ಸಂದಿಯಿಂದ ಸಣ್ಣ ಎಳೆಗಳು ಹೊರಟು, ಅವುಗಳ ತುದಿಯಲ್ಲಿ ಮರಿಗೆಡ್ಡೆಗಳು ಕಟ್ಟುತ್ತವೆ. ಕೆಲವು ಅವರೆಕಾಳಿನಷ್ಟು, ಕೆಲವು ಹೆಸರುಕಾಳಿಗೂ ಸಣ್ಣವು. ಒಂದೊಂದಕ್ಕೂ ಗಟ್ಟಿ ಚಿಪ್ಪು. ತಳಿಯನ್ನು ನೋಡಿಕೊಂಡು ಒಂದು ಬುಡಕ್ಕೆ ಬೆರಳೆಣಿಕೆಯಷ್ಟೂ ಇರಬಹುದು, ನೂರರ ಮೇಲೂ ಇರಬಹುದು. ಬುದ್ಧಿವಂತರು ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಭಾವ ಟೀ ಸೋಸುವ ಜಾಲರಿ ಹಿಡಿದು ಮಣ್ಣು ಜರಡಿ ಮಾಡುತ್ತಾರೆ. ಟೀ ಜಾಲರಿ ಯಾವುದು, ಮಣ್ಣಿನ ಜಾಲರಿ ಯಾವುದು ಎಂದು ಅಕ್ಕ ಈಗ ಬಣ್ಣದ ದಾರ ಕಟ್ಟಿ ಗುರುತು ಮಾಡಿಟ್ಟಿದ್ದಾಳೆ.

ಮರಿಗೆಡ್ಡೆ ನೆಡುವ ಕ್ರಮವನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟು ವರ್ಷ ಕೇಳಿ ಕೇಳಿ ನನಗೂ ಬಾಯಿಪಾಠ ಆಗಿದೆ. ಒಂದೆರಡು ದಿನ ನೀರಿನಲ್ಲಿ ನೆನೆಹಾಕಬೇಕು, ಚಿಪ್ಪು ಮೆತ್ತಗಾಗಲಿ ಅಂತ. ತೇಲುವುದನ್ನು ಎಸೆಯಬೇಕು, ಅದರೊಳಗೆ ಸತ್ವವಿಲ್ಲ, ಅಥವಾ ರೋಗವಿದೆ. ಮುಳುಗಿದ್ದನ್ನು ಹದ ಮಾಡಿದ ಮಡಿಯಲ್ಲಿ ಸಾಲು ಎಳೆದು, ಎರಡು ಬೆರಳು ಆಳದಲ್ಲಿ ಕಾಳು ಬಿತ್ತುವಂತೆ ಬಿತ್ತಬೇಕು. ಮೊದಲ ಹಂಗಾಮಿನಲ್ಲಿ ಬರುವುದು ಹುಲ್ಲಿನಂಥ ಒಂದೆರಡು ಎಲೆ. ಕಳೆ ಕೀಳುವವರು ಅದನ್ನೇ ಮೊದಲು ಕೀಳುತ್ತಾರೆ. ಎರಡನೆಯ ಹಂಗಾಮಿಗೆ ಗೋಲಿಯ ಗಾತ್ರ. ಆಗ ಒಂದೆರಡು ಆತುರದವು ಕಡ್ಡಿಯಂಥ ದಂಟಿನಲ್ಲಿ ನಾಲ್ಕು ಹೂ ಬಿಟ್ಟು ತೋರಿಸುತ್ತವೆ. ಮಾರ್ಕೆಟ್ಟಿನ ಹೂವಿನಷ್ಟು ಎತ್ತರದ ದಂಟು ಬೇಕೆಂದರೆ ಮೂರನೆಯ ಹಂಗಾಮಿನವರೆಗೆ ಕಾಯಬೇಕು.

ಆದ್ದರಿಂದ ಗ್ಲಾಡಿಯೋಲಸ್‌ನವರು ಒಂದು ಪೊಟ್ಟಣ ಮರಿಗೆಡ್ಡೆ ಕೊಟ್ಟು "ಸುಮ್ನೆ ಇಟ್ಕೊಳಿ, ಫ್ರೀ" ಅಂದರೆ ಹುಷಾರಾಗಿರಿ. ಫ್ರೀ ಆಗಿರುವುದು ಪೊಟ್ಟಣ ಮಾತ್ರ. ಅದರ ಹಿಂದೆಯೇ ಮೂರು ವರ್ಷದ ಫೋನುಗಳಿವೆ. "ಮೊಳಕೆ ಬಂತಾ? ನೀರು ಜಾಸ್ತಿ ಹಾಕ್ತಿದೀರಾ? ಕಿತ್ತು ಒಣಗಿಸಿದ್ರಾ?" ನಮ್ಮ ಕಡೆ ತಾಂಬೂಲಕ್ಕೆ ಕೊಟ್ಟ ತೆಂಗಿನಕಾಯನ್ನು ಆಮೇಲೆ ಏನು ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ಈ ಸಭ್ಯತೆ ಗೆಡ್ಡೆಯವರಿಗೆ ಗೊತ್ತಿಲ್ಲ.

ಬೀಜದಿಂದ ಬೆಳೆಸುವವರೂ ಇದ್ದಾರೆ. ಕಾಯಿ ಒಣಗಿ ಬಿರಿದಾಗ ಸುತ್ತ ತೆಳ್ಳನೆಯ ರೆಕ್ಕೆಯಿರುವ ಚಪ್ಪಟೆ ಬೀಜಗಳು ಸಿಗುತ್ತವೆ. ಹೂ ನೋಡಲು ಮೂರು ವರ್ಷವಾದರೂ ಬೇಕು, ಹೂ ತಾಯಿಯ ಬಣ್ಣವೇ ಬರುತ್ತದೆಂಬ ಭರವಸೆಯೂ ಇಲ್ಲ. ಹೊಸ ತಳಿ ಮಾಡುವವರ ದಾರಿ ಅದು. ನಿವೃತ್ತರಿಗೆ ಯಾರೂ ಅದನ್ನು ಹೇಳಿಕೊಡಬೇಡಿ, ದಯವಿಟ್ಟು.

ಇನ್ನು ಆಳದ ಜಗಳ. ಗೆಡ್ಡೆಯನ್ನು ಮೇಲೆ ಮೇಲೆ ನೆಟ್ಟರೆ ಮರಿ ಜಾಸ್ತಿ, ಆದರೆ ದಂಟು ಎದ್ದು ಹೂ ಭಾರ ಬಿದ್ದಾಗ ಗಾಳಿಗೆ ಗಿಡ ಮಗುಚಿಕೊಳ್ಳುತ್ತದೆ. ಆಳಕ್ಕೆ, ಅಂದರೆ 10 ಸೆಂಟಿಮೀಟರಿನಷ್ಟು ಕೆಳಗೆ ನೆಟ್ಟರೆ ಗಿಡ ನೆಟ್ಟಗೆ ನಿಲ್ಲುತ್ತದೆ, ಮರಿ ಕಡಿಮೆ. ಹೂ ಬೇಕೋ ಸಂಸಾರ ಬೇಕೋ ಅನ್ನುವ ಪ್ರಶ್ನೆ ಬಂದಾಗ ಭಾವ ಯಾವುದನ್ನು ಆರಿಸಿದರು ಅಂತ ಬೇರೆ ಹೇಳಬೇಕೆ? ಎಲ್ಲವನ್ನೂ ಮೇಲಕ್ಕೇ ನೆಟ್ಟು, ಪ್ರತಿ ಗಿಡಕ್ಕೂ ಒಂದೊಂದು ಬಿದಿರು ಕಡ್ಡಿ ಊರಿ, ಹಳೆ ಪಂಚೆಯ ಅಂಚಿನಿಂದ ಕಟ್ಟಿದ್ದಾರೆ. ಅಂಗಳ ಎಲುಬು ಮುರಿದವರ ವಾರ್ಡಾಗಿದೆ. ಮೂರೆಲೆ ಬಂದಾಗ ಒಮ್ಮೆ, ಆರೆಲೆ ಬಂದು ದಂಟು ಹೊರಡುವ ಮುಂಚೆ ಇನ್ನೊಮ್ಮೆ ಗೊಬ್ಬರ ಕೊಟ್ಟು ಬುಡಕ್ಕೆ ಮಣ್ಣು ಏರಿಸಿದರೆ ಈ ಕಟ್ಟುಪಟ್ಟಿ ಅರ್ಧ ತಪ್ಪುತ್ತದೆ. ಹೊಲದಲ್ಲಿ ಬೆಳೆಯುವ ಕೋಲಾರ, ಚಿಕ್ಕಬಳ್ಳಾಪುರದ ರೈತರು ಅದನ್ನೇ ಮಾಡುವುದು.

ಕೋಲಾರ ಅಂದಾಗ ಒಂದು ಮಾತು. ಈ ಗಿಡಕ್ಕೆ ಫ್ಲೋರೈಡ್ ಕಂಡರಾಗದು, ಎಲೆಯ ತುದಿ ಸುಟ್ಟು ಬಿಳಿಚಿಕೊಳ್ಳುತ್ತದೆ. ಸ್ನೋ ಪ್ರಿನ್ಸೆಸ್ ಎಂಬ ತಳಿ ಈ ವಿಷಯದಲ್ಲಿ ಎಷ್ಟು ಸೂಕ್ಷ್ಮ ಎಂದರೆ, ಹೊರದೇಶಗಳಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗಳ ಆಸುಪಾಸಿನಲ್ಲಿ ಅದನ್ನು ನೆಟ್ಟು, ಎಲೆ ಎಷ್ಟು ಸುಟ್ಟಿದೆ ಎಂದು ಅಳೆದು ಗಾಳಿಯಲ್ಲಿನ ಫ್ಲೋರೈಡನ್ನು ಪತ್ತೆ ಹಚ್ಚುತ್ತಿದ್ದರು. ನಮ್ಮ ಕೋಲಾರದ ಕಡೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಇದೆ. ಸೂಪರ್ ಫಾಸ್ಫೇಟಿನಲ್ಲೂ ಸ್ವಲ್ಪ ಇರುತ್ತದೆ. ಎಲೆ ತುದಿ ಒಣಗಿತು ಅಂತ ಇನ್ನೂ ಎರಡು ಬೊಗಸೆ ಸೂಪರ್ ಫಾಸ್ಫೇಟ್ ಸುರಿಯುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ನಿದ್ದೆಯ ವಿಷಯ ಹೇಳದಿದ್ದರೆ ಫ್ರಿಜ್ಜಿನ ವಿಷಯ ಅರ್ಥವಾಗುವುದಿಲ್ಲ. ಕಿತ್ತ ಗೆಡ್ಡೆ ತಕ್ಷಣ ಮೊಳೆಯುವುದಿಲ್ಲ, ಸುಮಾರು ಮೂರು ತಿಂಗಳು ಮಲಗುತ್ತದೆ. ಎಬ್ಬಿಸಲು ಹೋದರೆ ಏಳುವುದಿಲ್ಲ. ನೆಟ್ಟರೆ ಮಣ್ಣಿನಲ್ಲೇ ಮಲಗಿರುತ್ತದೆ. ತಣ್ಣಗೆ, 4–5 ಡಿಗ್ರಿಯಲ್ಲಿ ಇಟ್ಟು ಆಮೇಲೆ ಹೊರತೆಗೆದರೆ ಎಲ್ಲವೂ ಒಟ್ಟಿಗೆ ಏಳುತ್ತವೆ. ವ್ಯಾಪಾರಕ್ಕೆ ಬೆಳೆಯುವವರು ಶೀತಲಗೃಹದಲ್ಲಿಡುತ್ತಾರೆ, ಅವಸರವಿದ್ದವರು ಎಥ್ರೆಲ್ ದ್ರಾವಣದಲ್ಲಿ ಅದ್ದುತ್ತಾರೆ. ಭಾವನ ಶೀತಲಗೃಹ ಎಂದರೆ ಅಕ್ಕನ ಫ್ರಿಜ್ಜಿನ ತರಕಾರಿ ಡಬ್ಬಿ. ಅಡುಗೆಯವಳು ಒಂದು ದಿನ ಅದನ್ನು ಕೆಸುವಿನ ಗೆಡ್ಡೆ ಅಂದುಕೊಂಡು ಸಿಪ್ಪೆ ಸುಲಿದು, ತೊಳೆದು, ಕುಕ್ಕರಿಗೆ ಹಾಕುವ ಹೊತ್ತಿಗೆ ಅಜ್ಜಿ ನೋಡಿ ತಡೆದರು. ತಿಂದಿದ್ದರೆ ಹೊಟ್ಟೆ ಕೆಡುತ್ತಿತ್ತು ಅಂತ ನಾವೆಲ್ಲ ಗಾಬರಿಯಾಗಿದ್ದರೆ, ಭಾವ ಆ ಬೆತ್ತಲೆ ಗೆಡ್ಡೆಗಳನ್ನು ಒಂದೊಂದಾಗಿ ಟವೆಲ್ಲಿನಲ್ಲಿ ಒರೆಸುತ್ತಿದ್ದರು. ನೆಟ್ಟಾಗ ಅವೇ ಎಲ್ಲಕ್ಕಿಂತ ಮೊದಲು ಮೊಳೆತವು. ಸಿಪ್ಪೆ ತೆಗೆದರೆ ಮೊಳಕೆ ಬೇಗ ಅನ್ನುವುದು ಬೆಳೆಗಾರರಿಗೆ ಗೊತ್ತಿರುವ ಮಾತೇ. ಆದರೂ ಆ ಡಬ್ಬಿಯ ಮೇಲೆ ಈಗ ಕೆಂಪು ಶಾಯಿಯಲ್ಲಿ "ಇದು ತಿನ್ನುವುದಲ್ಲ" ಅಂತ ಬರೆದಿದೆ. ಅಡುಗೆಯವಳಿಗೆ ಪ್ರತಿ ಹಂಗಾಮಿನಲ್ಲೂ ಸಿಪ್ಪೆ ಸುಲಿಯುವ ಹೆಚ್ಚುವರಿ ಕೆಲಸ ಬಿದ್ದಿದೆ.

ಗೆಡ್ಡೆ ಕೊಳ್ಳುವಾಗ ಅಗಲ ನೋಡಿ ಮರುಳಾಗುವವರೇ ಜಾಸ್ತಿ. ಅಗಲವಾಗಿ ಚಪ್ಪಟೆಯಾಗಿರುವುದು ವಯಸ್ಸಾದ, ದಣಿದ ಗೆಡ್ಡೆ. ಕುಳ್ಳಗೆ ಗುಂಡಗೆ, ನಡುವೆ ಉಬ್ಬಿ ನಿಂತಿರುವುದು ಹರೆಯದ್ದು. ನಾಲ್ಕೈದು ಸೆಂಟಿಮೀಟರ್ ಅಡ್ಡಳತೆಯ ಉಬ್ಬು ಗೆಡ್ಡೆ ಸಿಕ್ಕಿದರೆ ಕಣ್ಣು ಮುಚ್ಚಿ ತನ್ನಿ. ಕಣ್ಣು ಮುಚ್ಚುವ ಮುಂಚೆ ಸಿಪ್ಪೆ ಸ್ವಲ್ಪ ಸರಿಸಿ ಕಂದು ಕಲೆ ಇದೆಯೇ ನೋಡಿ. ಕಲೆ ಇದ್ದರೆ ಅದು ಸೊರಗು ರೋಗವನ್ನೂ ಜೊತೆಗೇ ತರುತ್ತದೆ. ಆ ಜಾಗದಲ್ಲಿ ಮತ್ತೆ ಕೆಲವು ವರ್ಷ ಗ್ಲಾಡಿಯೋಲಸ್ ನೆಡುವಂತಿಲ್ಲ. ಎಲೆ, ಮೊಗ್ಗಿನ ಮೇಲೆ ಬೆಳ್ಳಿ ಗೀಟು ಕಂಡರೆ ಥ್ರಿಪ್ಸ್ ಹುಳ. ಗೆಡ್ಡೆಯ ಸಿಪ್ಪೆಯ ಕೆಳಗೂ ಅವಿತುಕೊಂಡು ಮಂಚದ ಕೆಳಗಿನ ಚೀಲಕ್ಕೂ ಬರುತ್ತದೆ.

ಭಾವನಿಗೂ ಪಕ್ಕದ ಬೀದಿಯ ಮೇಷ್ಟರಿಗೂ ನಡೆಯುವ ದೊಡ್ಡ ವ್ಯಾಜ್ಯ ಬಣ್ಣದ್ದು. ಮೇಷ್ಟರ ದೂರು: "ನೀವು ಕೊಟ್ಟಾಗ ನಾಲ್ಕು ಬಣ್ಣ ಇತ್ತು. ಈಗ ನೋಡಿದ್ರೆ ಬರೀ ಕೆಂಪು. ಬಣ್ಣ ಬದಲಾಗಿಬಿಟ್ಟಿದೆ." ಬಣ್ಣ ಬದಲಾಗುವುದಿಲ್ಲ ಮೇಷ್ಟ್ರೇ. ಗೆಡ್ಡೆಯಿಂದ ಗೆಡ್ಡೆ, ಮರಿಯಿಂದ ಗೆಡ್ಡೆ, ಎಲ್ಲ ತಾಯಿಯ ಪಡಿಯಚ್ಚೇ. ಅಪರೂಪಕ್ಕೊಮ್ಮೆ ಒಂದು ಕಣ್ಣು ದಾರಿ ತಪ್ಪಿ ಬೇರೆ ಬಣ್ಣ ತೋರಿಸಬಹುದು. ಅದು ಬಂದರೆ ಅದೃಷ್ಟ, ಹೆಸರಘಟ್ಟಕ್ಕೆ ಫೋನು ಮಾಡಿ. ಮೇಷ್ಟರ ತೋಟದಲ್ಲಿ ಆದದ್ದು ಬೇರೆ. ಬಿಳಿ, ಹಳದಿ, ನಸುಗೆಂಪು ಮೂರೂ ನಾಜೂಕು, ಮಳೆಗೋ ರೋಗಕ್ಕೋ ಸತ್ತವು. ಕೆಂಪು ಗಟ್ಟಿ ಪಿಂಡ, ಮೇಲಾಗಿ ಮರಿ ಜಾಸ್ತಿ. ಇಡೀ ಪಾತಿಯನ್ನು ಅದೊಂದೇ ಆಕ್ರಮಿಸಿಕೊಂಡಿತು. ಇದನ್ನು ಭಾವ ಹೇಳಿದರೆ ಮೇಷ್ಟರು ನಂಬುವುದಿಲ್ಲ, ಮೋಸ ಮಾಡಿದರೆಂದೇ ಅವರ ಲೆಕ್ಕ. ಭಾವನೂ ಕಡಿಮೆಯಿಲ್ಲ. ಮೇಷ್ಟರು ಸಂಶಯ ಪಟ್ಟಾಗೆಲ್ಲ ಇನ್ನೊಂದು ಪೊಟ್ಟಣ ಮರಿಗೆಡ್ಡೆ ಕಳಿಸಿ ಸೇಡು ತೀರಿಸಿಕೊಳ್ಳುತ್ತಾರೆ.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಆಸೆ ಇಲ್ಲದ ತೋಟಿಗ ಬೆಂಗಳೂರಿನಲ್ಲಿ ಹುಟ್ಟಿಲ್ಲ. ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯ ದಿನಕ್ಕೊಂದು. ನಮ್ಮ ಹವೆ ಒಳ್ಳೆಯದು, ವರ್ಷದ ಹೆಚ್ಚುಕಡಿಮೆ ಎಲ್ಲ ತಿಂಗಳಲ್ಲೂ ಗ್ಲಾಡಿಯೋಲಸ್ ನೆಡಬಹುದು. ನೆಟ್ಟು 60ರಿಂದ 100 ದಿನಕ್ಕೆ, ತಳಿಯನ್ನು ನೋಡಿಕೊಂಡು, ಹೂ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ನಾಲ್ಕು ನಾಲ್ಕು ಗೆಡ್ಡೆ ನೆಡುತ್ತ ಹೋದರೆ ಯಾವಾಗಲೂ ಒಂದೆರಡು ದಂಟು ಅರಳಿರುತ್ತವೆ. ಇದು ಸಾಮಾನ್ಯರಿಗೆ. ಭಾವ ಜನವರಿ 26ರಿಂದ ಹಿಂದಕ್ಕೆ ದಿನ ಎಣಿಸಿ, ತಳಿವಾರು ಕೋಷ್ಟಕ ಬರೆದು, ಅಕ್ಟೋಬರಿನಿಂದ ಅದರಂತೆ ಒಂದೊಂದೇ ತಳಿಯನ್ನು ನೆಟ್ಟರು. ಮೋಡ ಮುಸುಕಿದರೆ ನಿಧಾನ, ಬಿಸಿಲು ಬಿದ್ದರೆ ಅವಸರ ಅನ್ನುವುದು ಕೋಷ್ಟಕದಲ್ಲಿ ಇರಲಿಲ್ಲ. ಸಂಕ್ರಾಂತಿಯ ದಿನ ಎಲ್ಲವೂ ಒಟ್ಟಿಗೆ ಅರಳಿ ನಿಂತವು. ಎಳ್ಳು ಬೀರಲು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಭಾವ ಮಾತ್ರ ಸೂತಕದ ಮುಖ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಅವರ ಮಗಳಿರುವುದು ಹಾಲೆಂಡಿನಲ್ಲಿ, ಗ್ಲಾಡಿಯೋಲಸ್ ಗೆಡ್ಡೆಗಳ ತವರೇ ಅನ್ನಬಹುದಾದ ದೇಶ. ಅಲ್ಲಿ ನೈಮೇಗನ್ ಅನ್ನುವ ಊರಿನಲ್ಲಿ ಪ್ರತಿ ಜುಲೈನಲ್ಲಿ ನಾಲ್ಕು ದಿನದ ನಡಿಗೆ ನಡೆಯುತ್ತದೆ. ಆ ನಡಿಗೆ ಶುರುವಾದದ್ದು 1909ರಲ್ಲಿ. ಸಾವಿರಾರು ಜನ ದಿನಕ್ಕೆ 30, 40, 50 ಕಿಲೋಮೀಟರ್ ನಡೆಯುತ್ತಾರೆ, ಕೊನೆಯ ದಿನ ಊರು ಸೇರುವ ಬೀದಿಯಲ್ಲಿ ಜನರು ಅವರ ಕೈಗೆ ಕೊಡುವುದು ಪದಕಕ್ಕೂ ಮೊದಲು ಗ್ಲಾಡಿಯೋಲಸ್ ಹೂ. ಆ ದಿನದ ಮಟ್ಟಿಗೆ ಆ ಬೀದಿಗೆ ವಿಯಾ ಗ್ಲಾಡಿಯೋಲಾ ಅಂತಲೇ ಹೆಸರು. ಮಗಳು ವಿಡಿಯೋ ಕಳಿಸಿದ್ದಳು. ಬೊಬ್ಬೆ ಎದ್ದ ಕಾಲು ಎಳೆಯುತ್ತ, ಮುಖದ ತುಂಬ ನಗುತ್ತ, ಎದೆಗೆ ಹೂವಿನ ಕಟ್ಟು ಒತ್ತಿಕೊಂಡು ಬರುತ್ತಿದ್ದ ಒಬ್ಬ ಅಜ್ಜನನ್ನು ನೋಡಿ ನಮಗೆಲ್ಲ ಕಣ್ಣು ತುಂಬಿತು. ಭಾವ ವಿಡಿಯೋ ನಿಲ್ಲಿಸಿ, ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ, "ತಳಿ ಯಾವುದು ಕೇಳಬೇಕಿತ್ತು" ಅಂದರು.

ಹೂ ಕೀಳುವ ವಿಷಯದಲ್ಲಿ ಆ ಮನೆಯಲ್ಲಿ ಕಾನೂನೇ ಬೇರೆ. ಅತ್ಯಂತ ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿಸಿದಾಗ, ಬೆಳಿಗ್ಗೆ, ಹರಿತವಾದ ಚಾಕುವಿನಲ್ಲಿ ಓರೆಯಾಗಿ ಕತ್ತರಿಸಬೇಕು. ಉಳಿದದ್ದು ಹೂದಾನಿಯಲ್ಲಿ ಕೆಳಗಿನಿಂದ ಮೇಲಕ್ಕೆ ತಾನಾಗಿ ಅರಳುತ್ತದೆ. ನೀರಿಗೆ ಸ್ವಲ್ಪ ಸಕ್ಕರೆ ಹಾಕಿ, ದಿನಾ ನೀರು ಬದಲಾಯಿಸಿ, ಬಾಡಿದ್ದನ್ನು ಕಿತ್ತುಹಾಕುತ್ತಿದ್ದರೆ ಒಂದು ವಾರ ಬರುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಕತ್ತರಿಸುವಾಗ ಗಿಡದಲ್ಲಿ ನಾಲ್ಕು ಎಲೆಯಾದರೂ ಉಳಿಯಬೇಕು. ಹೊಸ ಗೆಡ್ಡೆ ತುಂಬಿಕೊಳ್ಳುವುದು ಹೂ ಹೋದ ಮೇಲಿನ ಆರೆಂಟು ವಾರಗಳಲ್ಲಿ, ಆ ಎಲೆಗಳು ದುಡಿದು ಹಾಕಿದ್ದರಲ್ಲಿ. ಎಲೆ ಹಳದಿಯಾದ ಮೇಲೆ ಅಗೆದು, ನೆರಳಿನಲ್ಲಿ ಎರಡು ಮೂರು ವಾರ ಆರಿಸಿ, ಹಳೆ ಬಿಲ್ಲೆ ಮುರಿದು ತೆಗೆದು ಚೀಲಕ್ಕೆ ತುಂಬುವುದು. ಒಮ್ಮೆ ಗೌರಿ ಹಬ್ಬಕ್ಕೆ ಅಕ್ಕ ಮಂಟಪದ ಎರಡೂ ಬದಿಗೆ ಚೆನ್ನಾಗಿ ಕಾಣಲಿ ಅಂತ ಎಲೆ ಸಮೇತ ನೆಲಮಟ್ಟಕ್ಕೆ ಕೊಯ್ದು ತಂದಳು. ಗೌರಿಗೆ ಆ ವರ್ಷ ಇಷ್ಟು ದುಃಖದಲ್ಲಿ ಯಾರೂ ಆರತಿ ಎತ್ತಿರಲಾರರು.

ಸಾಗಿಸುವುದಕ್ಕೂ ನಿಯಮವಿದೆ, ಮಲಗಿಸುವಂತಿಲ್ಲ. ಕೊಯ್ದ ದಂಟನ್ನು ಅಡ್ಡ ಮಲಗಿಸಿಟ್ಟರೆ ಕೆಲವೇ ತಾಸಿನಲ್ಲಿ ತುದಿ ಮೇಲಕ್ಕೆ ಬಾಗಿ ಕೂರುತ್ತದೆ. ಬೇರಿಲ್ಲ, ಬುಡವಿಲ್ಲ, ಆದರೂ ಯಾವುದು ಮೇಲೆ ಯಾವುದು ಕೆಳಗೆ ಅಂತ ಗೊತ್ತು. ಅದಕ್ಕೇ ಮಾರುವವರು ಬಕೆಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿ ತರುವುದು. ಹೋದ ತಿಂಗಳು ನಮ್ಮ ಸೋದರತ್ತೆ ಮಗಳ ಆರತಕ್ಷತೆಗೆ ಭಾವ ತಮ್ಮ ತೋಟದ್ದೇ ಹತ್ತು ದಂಟು ತೆಗೆದುಕೊಂಡರು. ಕಾರಿನ ಮುಂದಿನ ಸೀಟಿನಲ್ಲಿ ಬಕೆಟ್ಟಿಟ್ಟು, ಅದಕ್ಕೆ ಸೀಟ್ ಬೆಲ್ಟು ಹಾಕಿದರು. ಅಕ್ಕ, ಅಜ್ಜಿ, ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹಿಂದೆ ಮೂವರು.

ಛತ್ರಕ್ಕೆ ಹೋಗಿ ನೋಡಿದರೆ ವೇದಿಕೆಯ ಹಿಂದೆ ಗೋಡೆಯುದ್ದಕ್ಕೂ ಬಿಳಿ, ಕೆಂಪು ಗ್ಲಾಡಿಯೋಲಸ್. ಲೆಕ್ಕ ಹಾಕಲಾಗದಷ್ಟು. ನಮ್ಮ ಹತ್ತು ದಂಟನ್ನು ತೆಗೆದುಕೊಂಡವರು ಅದನ್ನು ಊಟದ ಹಾಲಿನ ಕೈತೊಳೆಯುವ ಜಾಗದ ಹತ್ತಿರ ನಿಲ್ಲಿಸಿದರು. ಭಾವನಿಗೆ ಬೇಜಾರಾಗುತ್ತದೆ ಅಂದುಕೊಂಡೆವು. ಅವರ ಗಮನವೇ ಅಲ್ಲಿರಲಿಲ್ಲ. ಮುಯ್ಯಿ ಕೊಡಲು ನಿಂತ ಸಾಲು ಮುಂದೆ ಹೋಯಿತು, ಅಕ್ಕ ಹೋದಳು, ಅಜ್ಜಿಯನ್ನು ಹಿಡಿದು ಹತ್ತಿಸಿಕೊಂಡು ನಾನು ಹೋದೆ. ಫೋಟೋದವನು "ಸಾರ್, ಈ ಕಡೆ ನೋಡಿ ಸಾರ್" ಅಂತ ಕೂಗುತ್ತಿದ್ದಾನೆ. ಭಾವ ಮದುಮಕ್ಕಳಿಗೆ ಬೆನ್ನು ಮಾಡಿ ನಿಂತು ಅಲಂಕಾರದ ಒಂದು ದಂಟಿನ ಬುಡವನ್ನು ಬೆರಳಲ್ಲಿ ಎಣಿಸುತ್ತಿದ್ದಾರೆ.

"ಐದೆಲೆ ಬಂದಿದೆ ಕಣೇ ಇದರಲ್ಲಿ. ಪಾಪ, ಯಾರ ಮನೆ ಗೆಡ್ಡೇನೋ, ಉಪವಾಸ ಬಿದ್ದಿದೆ."

"ರೀ," ಅಕ್ಕ ಹಲ್ಲು ಕಚ್ಚಿಕೊಂಡೇ ಫೋಟೋಕ್ಕೆ ನಗುತ್ತ ಅಂದಳು, "ನಾವೂ ಉಪವಾಸವೇ ಇದೀವಿ. ಎರಡನೇ ಪಂಕ್ತಿ ಕೂತಾಯ್ತು."